ಜನಾಂಗಹತ್ಯೆಯ ನೆನಪು, ಪಾಠ, ದಾಖಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಶಿರಸಿ, ಕುಮಟಾ, ಕಾರವಾರದ ಕೆಲವು ಮಾಸ್ತರರು, ಅಕ್ಕೋರುಗಳು, ಮತ್ತೆ ಲೈಬ್ರರಿಯಲ್ಲಿ ಕೂರುವ ಚಟ ಇರುವ ಒಂದಿಷ್ಟು ಜನ. ಸಂಘ ಅಂತ ಏನೂ ಇಲ್ಲ. ರಿಜಿಸ್ಟ್ರೇಶನ್ ಆಗಿಲ್ಲ, ಬ್ಯಾನರೂ ಇಲ್ಲ. ತಿಂಗಳಿಗೊಮ್ಮೆ ಸೇರಿ ಜಗತ್ತಿನಲ್ಲಿ ನಡೆದ ಜನಾಂಗಹತ್ಯೆಗಳ ಬಗ್ಗೆ ಓದುತ್ತೇವೆ. ಹೈಸ್ಕೂಲು ಮಕ್ಕಳಿಗೆ ಇದನ್ನು ಹೇಗೆ ಹೇಳಬೇಕು ಅಂತ ಜಗಳ ಆಡುತ್ತೇವೆ. ಕಣ್ಣಾರೆ ಕಂಡವರ ಮಾತನ್ನು ದಾಖಲು ಮಾಡಿಡುವುದನ್ನು ಕಲಿಯುತ್ತೇವೆ. ಮದುವೆಮನೆಯಲ್ಲಿ, ಸ್ಟಾಫ್‌ರೂಮಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವಕ್ಕೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ. ಎಲ್ಲಾದರೂ ಮಾತು ಖಾರ ಅನಿಸಿದರೆ ಅದು ನನ್ನದು, ಬಳಗದ್ದಲ್ಲ.

ಅಕ್ಕೋರೇ, ಜರ್ಮನಿಯಲ್ಲೋ ಆಫ್ರಿಕಾದಲ್ಲೋ ಆದದ್ದಕ್ಕೂ ಶಿರಸಿಗೂ ಏನು ಸಂಬಂಧ?

ಶಿರಸಿಯಿಂದ ಮುಂಡಗೋಡಕ್ಕೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದೂವರೆ ತಾಸು. ಅಲ್ಲಿ 1966ರಿಂದ ಟಿಬೆಟಿಯನ್ನರ ವಸತಿ ಇದೆ. ಲಾಸಾದ ಹತ್ತಿರ ಇದ್ದ ಗಾಂಡೆನ್ ಮತ್ತು ಡ್ರೆಪುಂಗ್ ಎಂಬ ಎರಡು ದೊಡ್ಡ ಮಠಗಳು ಮತ್ತೆ ತಲೆ ಎತ್ತಿದ್ದು ನಮ್ಮ ಜಿಲ್ಲೆಯ ಮಣ್ಣಿನಲ್ಲಿ. ನಮ್ಮ ಮಕ್ಕಳಿಗೆ ಇದರಲ್ಲಿ ಗೊತ್ತಿರುವುದು ಮೊಮೊ, ಸ್ವೆಟರ್, ಕೆಂಪು ನಿಲುವಂಗಿ ಇಷ್ಟೇ. ‘ಇವರ ಅಜ್ಜ ಅಜ್ಜಿ ಹಿಮಾಲಯ ಬಿಟ್ಟು ಈ ಸೆಕೆಗೆ ಯಾಕೆ ಬಂದರು?’ ಅಂತ ಕೇಳಿ ನೋಡಿ, ಇಡೀ ಕ್ಲಾಸು ಸುಮ್ಮನಾಗುತ್ತದೆ. ನಾವು ಪಾಠ ಶುರು ಮಾಡುವುದು ಅಲ್ಲಿಂದಲೇ. ಆಮೇಲೆ ಪೋಲೆಂಡ್ ಆಗಲಿ ರುವಾಂಡಾ ಆಗಲಿ ಅಷ್ಟು ದೂರ ಅನಿಸುವುದಿಲ್ಲ.

ಎಷ್ಟು ಜನ ಸತ್ತರೆ ಜನಾಂಗಹತ್ಯೆ ಅನ್ನಬಹುದು?

ಅಷ್ಟು ಅಂತ ಲೆಕ್ಕ ಇಲ್ಲ. ನೋಡುವುದು ಉದ್ದೇಶವನ್ನು.

1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಈ ಬಗ್ಗೆ ಒಂದು ಒಪ್ಪಂದವನ್ನು ಒಪ್ಪಿಕೊಂಡಿತು. ಅದರ ಹಿಂದೆ ವರ್ಷಗಟ್ಟಲೆ ಓಡಾಡಿದವರು ರಾಫೆಲ್ ಲೆಮ್ಕಿನ್ ಎಂಬ ಪೋಲೆಂಡಿನ ಯಹೂದಿ ವಕೀಲರು. ಅವರ ಸಂಬಂಧಿಕರಲ್ಲಿ ಬಹಳ ಜನ ನಾಜಿಗಳ ಕೈಯಲ್ಲಿ ಸತ್ತಿದ್ದರು. ಒಪ್ಪಂದ ಹೇಳುವುದು ಇಷ್ಟು. ಒಂದು ರಾಷ್ಟ್ರೀಯ, ಜನಾಂಗೀಯ, ವರ್ಣೀಯ ಅಥವಾ ಧಾರ್ಮಿಕ ಗುಂಪನ್ನು ಪೂರ್ತಿಯಾಗಿ ಇಲ್ಲವೇ ಭಾಗಶಃ ಅಳಿಸಿಹಾಕುವ ಉದ್ದೇಶ ಇರಬೇಕು. ಆ ಉದ್ದೇಶದಿಂದ ಕೊಲ್ಲುವುದು ಒಂದು. ದೇಹಕ್ಕೆ, ಮನಸ್ಸಿಗೆ ತೀವ್ರ ಹಾನಿ ಮಾಡುವುದು, ಬದುಕಲಿಕ್ಕೇ ಆಗದ ಸ್ಥಿತಿಗೆ ನೂಕುವುದು, ಮಕ್ಕಳು ಹುಟ್ಟದಂತೆ ತಡೆಯುವುದು, ಆ ಗುಂಪಿನ ಮಕ್ಕಳನ್ನು ಬಲವಂತವಾಗಿ ಬೇರೆಯವರಿಗೆ ಒಪ್ಪಿಸುವುದು, ಇವೂ ಅದೇ ಅಪರಾಧ.

ಬೋಸ್ನಿಯಾದ ಸ್ರೆಬ್ರೆನಿಕಾದಲ್ಲಿ 1995ರ ಜುಲೈನಲ್ಲಿ ಅಲ್ಲಿನ ಸರ್ಬ್ ಸೈನ್ಯದವರು 8,000ಕ್ಕೂ ಹೆಚ್ಚು ಮುಸ್ಲಿಂ ಗಂಡಸರು, ಹುಡುಗರನ್ನು ಕೊಂದರು. ಲಕ್ಷಗಟ್ಟಲೆ ಜನ ಸತ್ತ ಎಷ್ಟೋ ಯುದ್ಧಗಳಿಗೆ ಹೋಲಿಸಿದರೆ ಇದು ಚಿಕ್ಕ ಸಂಖ್ಯೆ. ಆದರೂ ಅಂತಾರಾಷ್ಟ್ರೀಯ ಕೋರ್ಟುಗಳು ಇದನ್ನು ಜನಾಂಗಹತ್ಯೆ ಅಂತಲೇ ತೀರ್ಮಾನಿಸಿದವು. ಕಾಂಬೋಡಿಯಾದ್ದು ಇದಕ್ಕೆ ಉಲ್ಟಾ. 1975ರಿಂದ 1979ರವರೆಗೆ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಗುಂಪಿನ ಆಡಳಿತದಲ್ಲಿ ಸುಮಾರು 17 ಲಕ್ಷ ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಕೊಂದವರದೇ ಜನಾಂಗದವರು. ಒಪ್ಪಂದದಲ್ಲಿ ರಾಜಕೀಯ ಗುಂಪು, ವರ್ಗ ಇವು ಸೇರಿಲ್ಲ. ಹಾಗಾಗಿ 2018ರ ನವೆಂಬರ್‌ನಲ್ಲಿ ಕೋರ್ಟು ಜನಾಂಗಹತ್ಯೆ ಅಂದದ್ದು ಅಲ್ಲಿನ ವಿಯೆಟ್ನಾಮಿಯರು ಮತ್ತು ಚಾಮ್ ಮುಸ್ಲಿಮರ ಕೊಲೆಗಳಿಗೆ ಮಾತ್ರ. ಉಳಿದದ್ದು ಮಾನವತೆಯ ವಿರುದ್ಧದ ಅಪರಾಧ ಎಂಬ ಲೆಕ್ಕಕ್ಕೆ ಹೋಯಿತು. ಸತ್ತವರ ಮನೆಯವರಿಗೆ ಈ ಹೆಸರುಗಳಿಂದ ಏನಾಗಬೇಕಿದೆ ಅಂತ ನನಗೂ ಅನಿಸುತ್ತದೆ. ಆದರೆ ಪಾಠ ಮಾಡುವವರು ಈ ವ್ಯತ್ಯಾಸ ತಿಳಿದಿರಲೇಬೇಕು.

ಟಿಬೆಟ್‌ನಲ್ಲಿ ಆದದ್ದು ಜನಾಂಗಹತ್ಯೆಯಾ?

ಟಿಬೆಟ್ ಚೀನಾದ ಹಿಡಿತಕ್ಕೆ ಹೋದ ಮೇಲೆ ಅಲ್ಲಿ ನಡೆದದ್ದರ ಬಗ್ಗೆ ಅಂತಾರಾಷ್ಟ್ರೀಯ ನ್ಯಾಯವಾದಿಗಳ ಆಯೋಗದ ಸಮಿತಿಯೊಂದು 1960ರಲ್ಲಿ ವರದಿ ಕೊಟ್ಟಿತು. ಟಿಬೆಟಿಯನ್ನರನ್ನು ಒಂದು ಧಾರ್ಮಿಕ ಗುಂಪಾಗಿ ಅಳಿಸುವ ಪ್ರಯತ್ನದಲ್ಲಿ ಜನಾಂಗಹತ್ಯೆಯ ಕೃತ್ಯಗಳು ನಡೆದಿವೆ ಅಂತ ಅದು ಹೇಳಿತು. ಒಂದು ಜನಾಂಗವಾಗಿ ಅಥವಾ ರಾಷ್ಟ್ರವಾಗಿ ಅಳಿಸುವ ಪ್ರಯತ್ನ ನಡೆಯಿತು ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ ಅಂತಲೂ ಅದೇ ವರದಿ ಹೇಳಿತು. ಚೀನಾ ಇದ್ಯಾವುದನ್ನೂ ಒಪ್ಪುವುದಿಲ್ಲ. ಇದು ಕೋರ್ಟಿನ ತೀರ್ಪೂ ಅಲ್ಲ. ಮಕ್ಕಳಿಗೆ ನಾವು ಈ ನಾಲ್ಕೂ ಮಾತು ಹೇಳುತ್ತೇವೆ. ‘ಹೌದೋ ಅಲ್ವೋ ಒಂದೇ ಮಾತಲ್ಲಿ ಹೇಳಿ ಅಕ್ಕೋರೇ’ ಅನ್ನುವ ಹುಡುಗರು ಇದ್ದೇ ಇರುತ್ತಾರೆ. ಅವರಿಗೆ ಆ ವರದಿಯ ಸಾರಾಂಶ ಕೊಟ್ಟು ಓದಿಸಬೇಕು.

ಸೀ ಬರ್ಡ್ ನೌಕಾನೆಲೆ ಯೋಜನೆಯಲ್ಲಿ ಊರಿಗೆ ಊರೇ ಎಬ್ಬಿಸಿದರಲ್ಲ, ಅದೂ ಜನಾಂಗಹತ್ಯೆ ಅಲ್ವಾ?

ಅಲ್ಲ. ಕಾರವಾರ, ಅಂಕೋಲಾದ ಮೀನುಗಾರರು, ರೈತರು ಮನೆ, ಗದ್ದೆ, ಸಮುದ್ರದ ದಾರಿ ಕಳೆದುಕೊಂಡರು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದರು. ಅದು ಒಕ್ಕಲೆಬ್ಬಿಸಿದ ಕಥೆ. ಅದಕ್ಕೆ ಅದರದೇ ತೂಕ ಇದೆ, ಅದರದೇ ದಾಖಲೆ ಬೇಕು. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದ ಕಥೆಯೂ ಹಾಗೇ. ಎಲ್ಲ ಅನ್ಯಾಯಕ್ಕೂ ಇದೇ ಹೆಸರು ಹಚ್ಚಿದರೆ ಕೊನೆಗೆ ಯಾವುದಕ್ಕೂ ಅರ್ಥ ಉಳಿಯುವುದಿಲ್ಲ.

ವಿದ್ಯೆ ಇದ್ದವರು ಇಂಥದ್ದು ಮಾಡುವುದಿಲ್ಲ. ಶಿಕ್ಷಣ ಕೊಟ್ಟರೆ ಸಾಕಲ್ವಾ?

ಈ ಪ್ರಶ್ನೆ ಹೆಚ್ಚಾಗಿ ಬರುವುದು ಶಿಕ್ಷಕರಿಂದಲೇ. ಉತ್ತರ ಅವರಿಗೆ ಹಿಡಿಸುವುದಿಲ್ಲ.

1942ರ ಜನವರಿ 20ರಂದು ಬರ್ಲಿನ್ ಪಕ್ಕದ ವಾನ್ಸೀ ಸರೋವರದ ದಡದ ಬಂಗಲೆಯಲ್ಲಿ 15 ಜನ ಹಿರಿಯ ಅಧಿಕಾರಿಗಳು ಸೇರಿದರು. ಯುರೋಪಿನ ಯಹೂದಿಗಳನ್ನು ಮುಗಿಸುವ ಕೆಲಸದಲ್ಲಿ ಯಾವ ಇಲಾಖೆ ಏನು ಮಾಡಬೇಕು ಎಂಬುದು ಅಜೆಂಡಾ. 15ರಲ್ಲಿ 8 ಜನ ಡಾಕ್ಟರೇಟ್ ಪಡೆದವರು. ಸಭೆ ಒಂದೂವರೆ ತಾಸಿನಲ್ಲಿ ಮುಗಿಯಿತು. ಆಮೇಲೆ ನೀಟಾಗಿ ನಡಾವಳಿ ಟೈಪ್ ಮಾಡಿದರು. ಅದರಲ್ಲಿ ದೇಶವಾರು ಯಹೂದಿಗಳ ಪಟ್ಟಿ ಇದೆ, ಕೆಳಗೆ ಒಟ್ಟು ಮೊತ್ತ 1 ಕೋಟಿ 10 ಲಕ್ಷ ಅಂತ ಕೂಡಿಸಿದ್ದಾರೆ. ತಯಾರಾದದ್ದು 30 ಪ್ರತಿ. ಉಳಿದು ಸಿಕ್ಕಿದ್ದು ಒಂದೇ, 1947ರಲ್ಲಿ.

ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ನಲ್ಲಿ ಎಸ್-21 ಎಂಬ ಜೈಲಿತ್ತು. ಮೊದಲು ಅದು ಹೈಸ್ಕೂಲು. ಕ್ಲಾಸ್‌ರೂಮುಗಳಿಗೆ ಇಟ್ಟಿಗೆ ಗೋಡೆ ಹಾಕಿ ಕೋಣೆಗಳನ್ನು ಮಾಡಿದರು. ಅದನ್ನು ನಡೆಸಿದ ಡುಚ್ ಎಂಬಾತ ಹಿಂದೆ ಗಣಿತದ ಮಾಸ್ತರ. ಒಳಗೆ ಬಂದ ಪ್ರತಿಯೊಬ್ಬರ ಫೋಟೊ ತೆಗೆಸುತ್ತಿದ್ದ, ತಪ್ಪೊಪ್ಪಿಗೆ ಬರೆಸುತ್ತಿದ್ದ, ಅದನ್ನು ಓದಿ ಮಾರ್ಜಿನ್‌ನಲ್ಲಿ ಟಿಪ್ಪಣಿ ಹಾಕುತ್ತಿದ್ದ. ರುವಾಂಡಾದಲ್ಲಿ 1994ರಲ್ಲಿ ಹುಟು ಉಗ್ರರು ಟುಟ್ಸಿ ಜನರನ್ನು ಸಾಮೂಹಿಕವಾಗಿ ಕೊಂದರು. ಅಲ್ಲಿ ದ್ವೇಷ ಕಾರಿದ ಆರ್‌ಟಿಎಲ್‌ಎಂ ರೇಡಿಯೋ ಕಟ್ಟಿದವರಲ್ಲಿ ಒಬ್ಬನಾದ ಫರ್ಡಿನಾಂಡ್ ನಹಿಮಾನಾ ಯೂನಿವರ್ಸಿಟಿಯಲ್ಲಿ ಇತಿಹಾಸದ ಪ್ರೊಫೆಸರ್. ನಮ್ಮದೇ ಸಬ್ಜೆಕ್ಟು! ಜನಾಂಗಹತ್ಯೆಗಾಗಿ ಅಂತಾರಾಷ್ಟ್ರೀಯ ನ್ಯಾಯಮಂಡಳಿಯಿಂದ ಮೊಟ್ಟಮೊದಲು, 1998ರ ಸೆಪ್ಟೆಂಬರ್ 2ರಂದು, ತಪ್ಪಿತಸ್ಥ ಅನಿಸಿಕೊಂಡ ಜಾನ್-ಪಾಲ್ ಅಕಾಯೆಸು ರುವಾಂಡಾದ ಒಂದು ಊರಿನ ಮೇಯರ್. ಅದಕ್ಕೂ ಮೊದಲು ಅವನೂ ಶಿಕ್ಷಕ.

ಹಾಗಾಗಿ ನಮ್ಮ ಪಾಠದಲ್ಲಿ ಕೊಂದವರ ಆಫೀಸು ಕೆಲಸವನ್ನೂ ನೋಡುತ್ತೇವೆ. ಒಂದು ಉದಾಹರಣೆ. ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ್ದಕ್ಕೆ ಜರ್ಮನ್ ರೈಲ್ವೆ ಬಿಲ್ ಹಾಕುತ್ತಿತ್ತು. ತುಂಬಿದ್ದು ಗೂಡ್ಸ್ ಡಬ್ಬಿಯಲ್ಲಾದರೂ ದರ ಮೂರನೇ ದರ್ಜೆಯದ್ದು. ಒಮ್ಮೆಗೆ 400ಕ್ಕಿಂತ ಜಾಸ್ತಿ ಜನ ಇದ್ದರೆ ಗುಂಪಿನ ರಿಯಾಯಿತಿ. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ಟಿಕೆಟ್, ನಾಲ್ಕು ವರ್ಷದೊಳಗಿನವರಿಗೆ ಫ್ರೀ. ಕಂಡಕ್ಟರಿಗೆ ವಯಸ್ಸು ಕಮ್ಮಿ ಹೇಳಿ ಅರ್ಧ ಟಿಕೆಟಿನಲ್ಲಿ ಓಡಾಡಿದ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವ ಕೆಲಸವೇ ಇಲ್ಲ.

ಹಿಟ್ಲರ್ ಕೆಟ್ಟವನೇ ಇರಬಹುದು, ಆದರೆ ಶಿಸ್ತಿನ ಮನುಷ್ಯ ಅಲ್ವಾ? ನಮ್ಮಲ್ಲೂ ಅಂಥವನೊಬ್ಬ ಬರಬೇಕು ಅಂತಾರೆ.

ಕಟ್ಟುನಿಟ್ಟಿನ ಹೆಡ್‌ಮಾಸ್ತರಿಗೆ ಹಿಟ್ಲರ್ ಅಂತ ಅಡ್ಡಹೆಸರು ಇಡದ ಶಾಲೆ ನಮ್ಮ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ಬೈಯಬೇಡಿ, ಗೊತ್ತಿಲ್ಲದೆ ಆಡುವ ಮಾತು. ಸುಮಾರು 60 ಲಕ್ಷ ಯಹೂದಿಗಳು, ಲಕ್ಷಗಟ್ಟಲೆ ರೋಮಾ ಜನ ಸತ್ತದ್ದು ಹೇಳಿ. ಅವನ ಕೊಲೆಗಡುಕತನ ಶುರುವಾದದ್ದು ಸ್ವಂತ ದೇಶದ ಅಂಗವಿಕಲರು, ಮಾನಸಿಕ ರೋಗಿಗಳಿಂದ ಎಂಬುದನ್ನೂ ಹೇಳಿ. ಆಮೇಲೆ ‘ನಮ್ಮ ಕೇರಿಯಲ್ಲಿ ಆ ಪಟ್ಟಿಗೆ ಯಾರ್ಯಾರು ಬರುತ್ತಿದ್ದರು?’ ಅಂತ ಕೇಳಿ ಸುಮ್ಮನಿರಿ. ಶಿಸ್ತಿನ ಮಾತು ಅಲ್ಲಿಗೆ ನಿಲ್ಲುತ್ತದೆ.

ನಮ್ಮ ಬಾಗಿಲ ಮೇಲೂ ಸ್ವಸ್ತಿಕ ಇದೆಯಲ್ಲ?

ಇದೆ, ಅಳಿಸಬೇಕಾಗಿಲ್ಲ. ನಾಜಿಗಳು ಹುಟ್ಟುವುದಕ್ಕಿಂತ ಸಾವಿರಾರು ವರ್ಷ ಮೊದಲಿನಿಂದ ಅದು ನಮ್ಮಲ್ಲಿದೆ. ಜೈನರಲ್ಲಿ, ಬೌದ್ಧರಲ್ಲಿ ಕೂಡ. ಆದರೆ ಅದೇ ಗುರುತನ್ನು ಕಂಡರೆ ಆ ಶಿಬಿರಗಳಿಂದ ಬದುಕಿ ಬಂದವರಿಗೆ ಏನಾಗುತ್ತದೆ ಅಂತ ಮಕ್ಕಳಿಗೆ ತಿಳಿಸಿ. ಎರಡನ್ನೂ ಅವರು ಅರ್ಥ ಮಾಡಿಕೊಳ್ಳುತ್ತಾರೆ, ದೊಡ್ಡವರಿಗಿಂತ ಬೇಗ.

ಯಾವ ವಯಸ್ಸಿನಿಂದ ಹೇಳಬಹುದು? ಫೋಟೊ, ವಿಡಿಯೋ ತೋರಿಸಬಹುದಾ?

ನಮ್ಮ ಮಟ್ಟಿಗೆ ಎಂಟನೇ ತರಗತಿ. ಅದಕ್ಕೂ ಚಿಕ್ಕವರಿಗೆ ಊರು ಬಿಟ್ಟು ಬಂದವರ ಕಥೆ ಸಾಕು. ಹೆಣಗಳ ರಾಶಿಯ ಫೋಟೊ ಬೇಡವೇ ಬೇಡ. ಅದನ್ನು ನೋಡಿದ ಮಗು ಆ ರಾತ್ರಿ ನಿದ್ದೆಗೆಡುತ್ತದೆ, ಪಾಠವೇನೂ ಕಲಿಯುವುದಿಲ್ಲ. ಸತ್ತವರ ಮಾನವೂ ಇದೆ, ಅವರನ್ನು ಬೆತ್ತಲೆಯಾಗಿ, ಹೆಣವಾಗಿ ಮಾತ್ರ ಪರಿಚಯ ಮಾಡಿಸುವುದು ಸರಿಯಲ್ಲ. ಮೊದಲು ಅವರ ಮದುವೆ, ಅಂಗಡಿ, ಶಾಲೆ, ಹಬ್ಬ ಇವನ್ನು ತೋರಿಸಿ.

ಇನ್ನೊಂದು ಮಾತು. ‘ನೀವು ಕೈದಿ, ನೀವು ಪೊಲೀಸ್’ ಅಂತ ಮಕ್ಕಳಿಂದ ಆಟ ಆಡಿಸಬೇಡಿ. ಗ್ಯಾದರಿಂಗಿಗೆ ನಾಟಕ ಮಾಡಿಸುವ ಹುರುಪಿನಲ್ಲಿ ಕೆಲವರು ಹೀಗೆ ಮಾಡುತ್ತಾರೆ. ಅಷ್ಟು ದೊಡ್ಡ ನೋವು ಹತ್ತು ನಿಮಿಷದ ವೇಷದಲ್ಲಿ ಅರ್ಥವಾಯಿತು ಎಂಬ ಭ್ರಮೆ ಬರುತ್ತದೆ ಅಷ್ಟೇ.

ಹಾಗಾದರೆ ಪಾಠಕ್ಕೆ ಏನು ಇಟ್ಟುಕೊಳ್ಳಬೇಕು?

ನಾನು ಇಟ್ಟುಕೊಳ್ಳುವುದು ಎರಡು ಹಾಲಿನ ಕ್ಯಾನು ಮತ್ತು ಹತ್ತು ತಗಡಿನ ಪೆಟ್ಟಿಗೆಗಳ ಕಥೆ.

1940ರ ನವೆಂಬರಿನಲ್ಲಿ ನಾಜಿಗಳು ವಾರ್ಸಾ ಪಟ್ಟಣದ ಯಹೂದಿಗಳನ್ನೆಲ್ಲ ಗೋಡೆ ಕಟ್ಟಿದ ಒಂದು ಕೇರಿಯೊಳಗೆ ಕೂಡಿಹಾಕಿದರು. ಒಳಗೆ ಹಸಿವು, ಟೈಫಸ್. ಅಲ್ಲಿ ಇಮ್ಯಾನುಯೆಲ್ ರಿಂಗೆಲ್‌ಬ್ಲೂಮ್ ಎಂಬ ಇತಿಹಾಸಕಾರರು ಸುಮಾರು 60 ಜನರನ್ನು ಕಟ್ಟಿಕೊಂಡು ಗುಟ್ಟಾಗಿ ದಾಖಲೆ ಕೂಡಿಸತೊಡಗಿದರು. ಸೇರುತ್ತಿದ್ದದ್ದು ಶನಿವಾರ, ಅದಕ್ಕೇ ಗುಂಪಿಗೆ ‘ಒನೆಗ್ ಶಬ್ಬಾತ್’, ಅಂದರೆ ಸಬ್ಬತ್ ದಿನದ ಆನಂದ, ಎಂಬ ಹೆಸರು. ಡೈರಿ, ಪತ್ರ, ಮಕ್ಕಳು ಶಾಲೆಯಲ್ಲಿ ಬರೆದ ಪ್ರಬಂಧ, ಹಸಿವಿನ ಬಗ್ಗೆ ಡಾಕ್ಟರುಗಳ ಅಧ್ಯಯನ ಎಲ್ಲ ಸೇರಿಸಿದರು. ಜೊತೆಗೆ ಟ್ರಾಮ್ ಟಿಕೆಟು, ರೇಶನ್ ಕಾರ್ಡು, ಸಂಗೀತ ಕಛೇರಿಯ ಆಮಂತ್ರಣ, ಮಿಠಾಯಿ ಸುತ್ತಿದ ಕಾಗದ. ಮುಂದೆ ಬರುವ ಇತಿಹಾಸಕಾರನಿಗೆ ಯಾವುದು ಬೇಕಾಗುತ್ತದೋ ಯಾರಿಗೆ ಗೊತ್ತು?

1942ರ ಬೇಸಿಗೆಯಲ್ಲಿ ಟ್ರೆಬ್ಲಿಂಕಾ ಶಿಬಿರಕ್ಕೆ ರೈಲುಗಳು ಹೊರಡತೊಡಗಿದವು. ಆಗಸ್ಟಿನಲ್ಲಿ ಒಬ್ಬ ಮಾಸ್ತರರು, ಅವರ ಇಬ್ಬರು ಹಳೆ ವಿದ್ಯಾರ್ಥಿಗಳು ಸೇರಿ ಕಾಗದಗಳನ್ನು ತಗಡಿನ ಪೆಟ್ಟಿಗೆಗಳಿಗೆ ತುಂಬಿ ಶಾಲೆಯೊಂದರ ನೆಲಮಾಳಿಗೆಯಲ್ಲಿ ಹೂತರು. ಹುಡುಗರಿಗೆ 18, 19 ವರ್ಷ. ಜಗತ್ತಿಗೆ ಕೂಗಿ ಹೇಳಲಾಗದ್ದನ್ನು ನೆಲದಲ್ಲಿ ಹೂತಿದ್ದೇವೆ ಅಂತ ಅವರಲ್ಲೊಬ್ಬ, ಡೇವಿಡ್ ಗ್ರಾಬರ್, ಬರೆದು ಅದೇ ಪೆಟ್ಟಿಗೆಯೊಳಗೆ ಇಟ್ಟ. 1943ರ ಫೆಬ್ರವರಿಯಲ್ಲಿ ಇನ್ನೊಂದಿಷ್ಟನ್ನು ಎರಡು ಹಾಲಿನ ಕ್ಯಾನುಗಳಲ್ಲಿ ಹೂತರು. ಗುಂಪಿನಲ್ಲಿ ಯುದ್ಧ ಮುಗಿಯುವವರೆಗೆ ಬದುಕಿ ಉಳಿದವರು ಮೂವರು. ಅವರು ತೋರಿಸಿದ ಜಾಗದಲ್ಲಿ, ಕುಸಿದ ಇಟ್ಟಿಗೆ ರಾಶಿಯ ಕೆಳಗೆ, 1946ರ ಸೆಪ್ಟೆಂಬರಿನಲ್ಲಿ ಪೆಟ್ಟಿಗೆಗಳು ಸಿಕ್ಕವು. ಬೆಸುಗೆ ಸರಿ ಇರದ ಕಾರಣ ನೀರು ಹೊಕ್ಕು ಬಹಳಷ್ಟು ಕಾಗದ ನೆನೆದಿತ್ತು. ಹಾಲಿನ ಕ್ಯಾನುಗಳು 1950ರ ಡಿಸೆಂಬರಿನಲ್ಲಿ ಕಟ್ಟಡದ ಕೆಲಸದವರಿಗೆ ಸಿಕ್ಕವು, ಒಳಗಿನದ್ದು ಚೆನ್ನಾಗಿತ್ತು. ಮೂರನೇ ಗಂಟು ಇನ್ನೂ ಸಿಕ್ಕಿಲ್ಲ. ಸಿಕ್ಕಿದ್ದೇ ಸುಮಾರು 35,000 ಪುಟ.

ಇದನ್ನು ಹೇಳಿ ಮಕ್ಕಳ ಕೈಗೆ ಒಂದು ಬಸ್ ಟಿಕೆಟ್, ಒಂದು ರೇಶನ್ ಚೀಟಿ ಕೊಡಿ. ಇದರಿಂದ ಏನೇನು ತಿಳಿಯುತ್ತದೆ ಬರೆಯಿರಿ ಅನ್ನಿ. ದರ, ತಾರೀಖು, ಊರು, ಮನೆಯಲ್ಲಿ ಎಷ್ಟು ಜನ, ಯಾವ ಭಾಷೆಯಲ್ಲಿ ಅಚ್ಚಾಗಿದೆ ಅಂತ ಪಟ್ಟಿ ಬೆಳೆಯುತ್ತ ಹೋಗುತ್ತದೆ. ಸಂಶೋಧನೆ ಅಂದರೆ ಏನು ಅಂತ ಬೇರೆ ಪಾಠ ಮಾಡಬೇಕಾಗಿಲ್ಲ.

ಹಳೆ ಗಾಯ ಕೆದಕಿದರೆ ದ್ವೇಷ ಜಾಸ್ತಿ ಆಗುವುದಿಲ್ವಾ? ಮರೆತುಬಿಡುವುದೇ ಒಳ್ಳೆಯದಲ್ವಾ?

ಇದು ಗಟ್ಟಿ ಪ್ರಶ್ನೆ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮ ಕಡೆಯವರಿಗೆ ಹೊಸದೂ ಅಲ್ಲ. ಸರ್ಪಯಾಗದ ಕಥೆ ನೆನಪು ಮಾಡಿಕೊಳ್ಳಿ. ಪರೀಕ್ಷಿತನನ್ನು ತಕ್ಷಕ ಕಚ್ಚಿ ಕೊಂದ. ತಕ್ಷಕನ ಮೇಲೆ ತನ್ನದೇ ಸಿಟ್ಟಿದ್ದ ಉತ್ತಂಕ ಬಂದು ಜನಮೇಜಯನಿಗೆ ಅಪ್ಪನ ಸಾವನ್ನು ನೆನಪಿಸಿದ. ಒಬ್ಬ ತಕ್ಷಕನ ತಪ್ಪಿಗೆ ಇಡೀ ಸರ್ಪಕುಲವನ್ನು ಬೆಂಕಿಗೆ ಹಾಕುವ ಯಾಗ ಶುರುವಾಯಿತು. ಇನ್ನೂ ಹಿಂದೆ ಹೋದರೆ, ಖಾಂಡವವನ ಸುಟ್ಟಾಗ ತಕ್ಷಕನೂ ಹೆಂಡತಿಯನ್ನು ಕಳೆದುಕೊಂಡಿದ್ದ. ಯಾಗವನ್ನು ನಿಲ್ಲಿಸಿದ್ದು ಆಸ್ತೀಕ, ತಾಯಿ ಕಡೆಯಿಂದ ನಾಗ, ತಂದೆ ಕಡೆಯಿಂದ ಋಷಿ. ಅದೇ ಯಾಗದ ಚಪ್ಪರದಲ್ಲಿ ಕೂತು ವೈಶಂಪಾಯನರು ಜನಮೇಜಯನಿಗೆ ಮಹಾಭಾರತ ಹೇಳಿದರು, ಅವನ ಅಜ್ಜಂದಿರ ತಪ್ಪುಗಳನ್ನೂ ಮುಚ್ಚದೆ.

ಉತ್ತಂಕ ಮಾಡಿದ್ದೂ ನೆನಪಿಸುವ ಕೆಲಸ, ವೈಶಂಪಾಯನರು ಮಾಡಿದ್ದೂ ನೆನಪಿಸುವ ಕೆಲಸ. ಯಾವುದನ್ನು ಮಾಡುತ್ತಿದ್ದೇವೆ ಅಂತ ತಿಳಿಯಲು ನಾನು ಒಂದು ವಿಷಯ ನೋಡುತ್ತೇನೆ. ತಪ್ಪು ತಕ್ಷಕನ ಹೆಸರಿನಲ್ಲಿ ಇದೆಯೋ, ಕುಲದ ಹೆಸರಿನಲ್ಲಿ ಇದೆಯೋ? ಕೋರ್ಟುಗಳು ಅಕಾಯೆಸು ತಪ್ಪಿತಸ್ಥ ಅಂದವು, ಡುಚ್ ತಪ್ಪಿತಸ್ಥ ಅಂದವು. ಹುಟು ಜನರೆಲ್ಲ ತಪ್ಪಿತಸ್ಥರು ಅನ್ನಲಿಲ್ಲ. ಟುಟ್ಸಿಗಳನ್ನು ಮನೆಯಲ್ಲಿ ಬಚ್ಚಿಟ್ಟು ಕಾಪಾಡಿದ ಹುಟುಗಳೂ ಇದ್ದರು, ಅದಕ್ಕಾಗಿ ಪ್ರಾಣ ಕಳೆದುಕೊಂಡವರೂ ಇದ್ದರು. ಅವರನ್ನು ಬಿಟ್ಟು ರುವಾಂಡಾದ ಪಾಠ ಮಾಡಿದರೆ ಅದು ಅರ್ಧ ಪಾಠ.

ಮರೆಯುವುದನ್ನೂ ಜನ ಪ್ರಯತ್ನಿಸಿ ನೋಡಿದ್ದಾರೆ. 1994ರ ನಂತರ ರುವಾಂಡಾದ ಶಾಲೆಗಳಲ್ಲಿ ದೇಶದ ಇತಿಹಾಸ ಪಾಠವನ್ನೇ ವರ್ಷಗಟ್ಟಲೆ ನಿಲ್ಲಿಸಿದ್ದರು. ಯಾರಿಗೂ ಒಪ್ಪಿಗೆಯಾಗುವ ಪುಸ್ತಕ ಇರಲಿಲ್ಲ. ಕಾಂಬೋಡಿಯಾದಲ್ಲಿ ಖ್ಮೇರ್ ರೂಜ್ ಕಾಲದ ಬಗ್ಗೆ ಅಲ್ಲಿಯವರೇ ಬರೆದ ಹೈಸ್ಕೂಲು ಪುಸ್ತಕ ಬಂದದ್ದು 2007ರಲ್ಲಿ. ಅಷ್ಟರೊಳಗೆ ಒಂದು ಇಡೀ ತಲೆಮಾರು ಅಪ್ಪ ಅಮ್ಮನ ಮಾತನ್ನು ‘ಉತ್ಪ್ರೇಕ್ಷೆ’ ಅಂದುಕೊಂಡು ಬೆಳೆದಿತ್ತು.

ಒಂದೊಂದು ಕಡೆ ಒಂದೊಂದು ಸಂಖ್ಯೆ ಇರುತ್ತದೆ. ಯಾವುದನ್ನು ನಂಬಬೇಕು?

1971ರಲ್ಲಿ ಆಗಿನ ಪೂರ್ವ ಪಾಕಿಸ್ತಾನದಲ್ಲಿ ಸತ್ತವರು 30 ಲಕ್ಷ ಎಂದು ಬಾಂಗ್ಲಾದೇಶ ಹೇಳುತ್ತದೆ, ಸಂಶೋಧಕರಲ್ಲಿ 3 ಲಕ್ಷ ಎಂದವರೂ ಇದ್ದಾರೆ. ರುವಾಂಡಾದಲ್ಲಿ 8 ಲಕ್ಷ ಅಂತಲೂ ಇದೆ, 10 ಲಕ್ಷಕ್ಕೂ ಜಾಸ್ತಿ ಅಂತಲೂ ಇದೆ. ಸಂಖ್ಯೆ ಬೇರೆ ಇದೆ ಅಂದಕೂಡಲೇ ಎಲ್ಲ ಸುಳ್ಳು ಅನ್ನುವವರು ಒಂದು ಕಡೆ, ದೊಡ್ಡ ಸಂಖ್ಯೆ ಹೇಳದಿದ್ದರೆ ದ್ರೋಹ ಅನ್ನುವವರು ಇನ್ನೊಂದು ಕಡೆ. ನಾವು ಕೇಳುವುದು, ಯಾರು ಎಣಿಸಿದರು, ಹೇಗೆ ಎಣಿಸಿದರು?

ಎಣಿಸುವುದು ಎಷ್ಟು ಕಷ್ಟ ಅಂತ ಸ್ರೆಬ್ರೆನಿಕಾ ನೋಡಿ. ಕೊಂದವರು ಮೊದಲು ಹೆಣಗಳನ್ನು ಸಾಮೂಹಿಕ ಗುಂಡಿಗಳಲ್ಲಿ ಹೂತರು. ಆಮೇಲೆ ಸಿಕ್ಕಿಬೀಳುವ ಭಯಕ್ಕೆ ಜೆಸಿಬಿಯಂಥ ಯಂತ್ರಗಳಿಂದ ತೋಡಿ ಬೇರೆ ಬೇರೆ ಕಡೆ ಸಾಗಿಸಿ ಮತ್ತೆ ಹೂತರು. ಒಬ್ಬನ ಎಲುಬುಗಳೇ ಎರಡು ಮೂರು ಗುಂಡಿಗಳಲ್ಲಿ ಸಿಕ್ಕವು. ನಾಪತ್ತೆಯಾದವರನ್ನು ಹುಡುಕುವ ಅಂತಾರಾಷ್ಟ್ರೀಯ ಆಯೋಗವೊಂದು ಮನೆಯವರ ರಕ್ತ ತೆಗೆದು, ಎಲುಬಿನ ಡಿಎನ್‌ಎ ಜೊತೆ ತಾಳೆ ನೋಡಿ, ಸುಮಾರು 7,000 ಜನರ ಗುರುತು ಹಚ್ಚಿತು. ಪ್ರತಿ ವರ್ಷ ಜುಲೈ 11ರಂದು ಪೊಟೊಚಾರಿ ಸ್ಮಶಾನದಲ್ಲಿ ಆ ವರ್ಷ ಗುರುತು ಸಿಕ್ಕವರನ್ನು ಮಣ್ಣು ಮಾಡುತ್ತಾರೆ. ಒಂದೆರಡು ಎಲುಬು ಸಿಕ್ಕಿತು ಅಂತ ಫೋನ್ ಬಂದಾಗ ಆ ತಾಯಿ ಈಗಲೇ ಮಣ್ಣು ಮಾಡಬೇಕೋ, ಉಳಿದದ್ದು ಸಿಗುವವರೆಗೆ ಕಾಯಬೇಕೋ ಅಂತ ತೀರ್ಮಾನಿಸಬೇಕು. ಜನಾಂಗಹತ್ಯೆ ನಡೆದೇ ಇಲ್ಲ ಅನ್ನುವವರು ಇಷ್ಟಾದ ಮೇಲೂ ಇದ್ದಾರೆ.

ನಮ್ಮ ದೇಶದಲ್ಲಿ ಆದದ್ದನ್ನು ಯಾಕೆ ಹೇಳುವುದಿಲ್ಲ? ಈಗ ನಡೆಯುತ್ತಿರುವುದನ್ನು?

ಹೇಳುತ್ತೇವೆ. ದೇಶ ವಿಭಜನೆಯ ಹಿಂಸೆಯ ಬಗ್ಗೆ ಅಮೃತಸರದಲ್ಲಿ 2017ರಲ್ಲಿ ಮ್ಯೂಸಿಯಂ ಆಗಿದೆ, ಅಲ್ಲಿನ ಹಿರಿಯರ ಮಾತಿನ ದಾಖಲೆಗಳು ನಮ್ಮ ಓದಿನ ಭಾಗ. ಭಾರತ 1948ರ ಒಪ್ಪಂದವನ್ನು 1959ರಲ್ಲೇ ಅನುಮೋದಿಸಿದೆ, ಆದರೆ ಅದಕ್ಕಾಗಿ ಬೇರೆ ಕಾನೂನು ಮಾಡಿಲ್ಲ. 1984ರ ಸಿಖ್ ವಿರೋಧಿ ಹಿಂಸೆಯ ಒಂದು ಕೇಸಿನಲ್ಲಿ ದಿಲ್ಲಿ ಹೈಕೋರ್ಟು 2018ರ ಡಿಸೆಂಬರಿನಲ್ಲಿ ಈ ಕೊರತೆಯನ್ನು ಎತ್ತಿ ಹೇಳಿತು.

ರೊಹಿಂಗ್ಯಾಗಳ ವಿಷಯದಲ್ಲಿ ಗ್ಯಾಂಬಿಯಾ ದೇಶ ಮ್ಯಾನ್ಮಾರ್ ಮೇಲೆ 2019ರಲ್ಲಿ, ಗಾಜಾ ವಿಷಯದಲ್ಲಿ ದಕ್ಷಿಣ ಆಫ್ರಿಕಾ ಇಸ್ರೇಲ್ ಮೇಲೆ 2023ರ ಡಿಸೆಂಬರಿನಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದವು. ಎರಡರಲ್ಲೂ ಕೋರ್ಟು ತಾತ್ಕಾಲಿಕ ಆದೇಶ ಕೊಟ್ಟಿತು. ತಾತ್ಕಾಲಿಕ ಆದೇಶ ಅಂತಿಮ ತೀರ್ಪಲ್ಲ. ಟಿವಿ ಚರ್ಚೆ ಬಿಟ್ಟು ಆ ಆದೇಶಗಳನ್ನೇ ಓದಿ. ಬಳಗದಲ್ಲಿ ಈ ವಿಷಯ ಬಂದಾಗ ದನಿ ಏರುತ್ತದೆ, ಸುಳ್ಳು ಯಾಕೆ ಹೇಳಲಿ. ಚಾ ಬಂದ ಮೇಲೆ ಇಳಿಯುತ್ತದೆ.

ನಮ್ಮೂರಿನ ಮಕ್ಕಳು ಕೂತಲ್ಲೇ ಏನಾದರೂ ಕೆಲಸ ಮಾಡಬಹುದಾ?

ಮಾಡಬಹುದು. ಜರ್ಮನಿಯ ಬಾಡ್ ಆರೋಲ್ಸನ್ ಊರಿನಲ್ಲಿ ನಾಜಿಗಳ ಕಾಲದ ಸುಮಾರು 1.75 ಕೋಟಿ ಜನರ ಮಾಹಿತಿ ಇರುವ ದಾಖಲೆ ಭಂಡಾರ ಇದೆ. ಕೈದಿಗಳ ಕಾರ್ಡುಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ. ಯಾರು ಬೇಕಾದರೂ ನೋಡಿ ಹೆಸರು, ಹುಟ್ಟಿದ ದಿನ, ಊರು ಟೈಪ್ ಮಾಡಿಕೊಡಬಹುದು. ಒಂದೇ ಕಾರ್ಡನ್ನು ಒಬ್ಬರಿಗಿಂತ ಜಾಸ್ತಿ ಜನ ಮಾಡುತ್ತಾರೆ, ತಾಳೆ ನೋಡುತ್ತಾರೆ, ಆದ್ದರಿಂದ ತಪ್ಪಿನ ಹೆದರಿಕೆ ಬೇಡ. ಇಂಗ್ಲಿಷ್ ಅಕ್ಷರ ಓದಲು ಬಂದರೆ ಸಾಕು. ಹಳೆ ಕೈಬರಹ ಸ್ವಲ್ಪ ಕಾಡುತ್ತದೆ. ಮಕ್ಕಳು ಮೊದಲು ಹುಡುಕುವುದು ತಮ್ಮದೇ ಹುಟ್ಟುಹಬ್ಬದ ದಿನ ಹುಟ್ಟಿದವರನ್ನು.

ಢಾಕಾದಲ್ಲಿ 1996ರಲ್ಲಿ ಶುರುವಾದ ವಿಮೋಚನಾ ಯುದ್ಧ ಮ್ಯೂಸಿಯಂನವರದ್ದು ಇನ್ನೊಂದು ದಾರಿ. ಶಾಲೆ ಮಕ್ಕಳಿಗೆ ಮನೆಯ, ನೆರೆಯ ಹಿರಿಯರನ್ನು ಮಾತಾಡಿಸಿ 1971ರಲ್ಲಿ ಕಂಡದ್ದನ್ನು ಬರೆದು ಕಳಿಸಿ ಅನ್ನುತ್ತಾರೆ. ನಾವು ಕಾಪಿ ಹೊಡೆದದ್ದು ಇದನ್ನೇ.

ಹಿರಿಯರನ್ನು ಮಾತಾಡಿಸುವಾಗ ಏನು ನೆನಪಿಡಬೇಕು?

ಮೊದಲ ಸಲ ಹೋಗುವಾಗ ರೆಕಾರ್ಡರ್ ಬೇಡ. ಹೋಗಿ ಕೂತು ಬನ್ನಿ. ಎರಡನೇ ಸಲ ಒಪ್ಪಿಗೆ ಕೇಳಿ. ಬೇಡ ಅಂದರೆ ಅಲ್ಲಿಗೆ ಮುಗಿಯಿತು, ಒತ್ತಾಯ ಮಾಡಬಾರದು. ಮುಂಡಗೋಡದ ಹಿರಿಯರಲ್ಲಿ ಕೆಲವರ ನೆಂಟರು ಇನ್ನೂ ಟಿಬೆಟ್‌ನಲ್ಲಿ ಇದ್ದಾರೆ. ಇಲ್ಲಿ ಹೆಸರು ಹೊರಬಿದ್ದರೆ ಅಲ್ಲಿ ತೊಂದರೆ ಆಗಬಹುದು. ಹಾಗಾಗಿ ಹೆಸರು, ಊರು, ಫೋಟೊ ಯಾವುದನ್ನೂ ಕೇಳದೆ ಹಂಚಬೇಡಿ, ಸ್ಟೇಟಸ್ಸಿಗಂತೂ ಹಾಕಲೇಬೇಡಿ.

ಜುಲೈನಲ್ಲಿ ತಗಡಿನ ಮಾಡಿನ ಕೆಳಗೆ ರೆಕಾರ್ಡ್ ಮಾಡಿದರೆ ಕೊನೆಗೆ ಉಳಿಯುವುದು ಮಳೆಯ ಸದ್ದು ಮಾತ್ರ. ಫ್ಯಾನು, ಟಿವಿ ಬಂದ್ ಮಾಡಿಸಿ. ‘ಆಗ ನಿಮಗೆ ಏನನಿಸಿತು?’ ಅಂತ ಶುರು ಮಾಡಬೇಡಿ. ‘ಮನೆಯಿಂದ ಹೊರಡುವಾಗ ಕೈಯಲ್ಲಿ ಏನಿತ್ತು? ಬಾಗಿಲು ಹಾಕಿದಿರಾ? ದನಕರು ಯಾರಿಗೆ ಬಿಟ್ಟಿರಿ?’ ಅಂತ ಕೇಳಿ. ಮಾತು ನಿಂತರೆ ನೀವೂ ಸುಮ್ಮನಿರಿ, ಮುಂದಿನ ಪ್ರಶ್ನೆ ಒಗೆಯಬೇಡಿ. ಭಾಷಾಂತರಕ್ಕೆ ಮೊಮ್ಮಕ್ಕಳು ಕೂತರೆ ಅಜ್ಜ ಕೆಲವು ಮಾತು ನುಂಗುತ್ತಾರೆ, ಕೆಲವನ್ನು ಮೊಮ್ಮಗ ನುಂಗುತ್ತಾನೆ. ಸಾಧ್ಯವಾದರೆ ಹೊರಗಿನವರನ್ನು ಕೂರಿಸಿ.

ಬರೆಯುವಾಗ ಪ್ರತಿ ಮಾತಿನ ಎದುರಿಗೆ ಗುರುತು ಹಾಕಿ: ಇವರು ನೋಡಿದ್ದೋ, ಕೇಳಿದ್ದೋ? ಕೇಳಿದ್ದಾದರೆ ಯಾರಿಂದ? ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅಂತ ನಮ್ಮವರೇ ಹೇಳಿದ್ದಾರಲ್ಲ. ಅರವತ್ತು ವರ್ಷದ ಹಿಂದಿನ ತಾರೀಖು ತಪ್ಪಬಹುದು. ತಪ್ಪಿದ್ದನ್ನು ನೀವು ತಿದ್ದಿ ಬರೆಯಬೇಡಿ, ಹೇಳಿದ್ದು ಹೇಳಿದ ಹಾಗೇ ಇರಲಿ, ಪಕ್ಕದಲ್ಲಿ ನಿಮ್ಮ ಟಿಪ್ಪಣಿ ಇರಲಿ.

ನಮ್ಮ ಕಡೆ ಮಳೆಗಾಲದಲ್ಲಿ ಕಾಗದ ಉಳಿಯುತ್ತದಾ?

ಸ್ವಲ್ಪ ಆರೈಕೆ ಮಾಡಿದರೆ ಉಳಿಯುತ್ತದೆ. ವಾರ್ಸಾದ ತಗಡಿನ ಪೆಟ್ಟಿಗೆ ನೆನಪಿದೆಯಲ್ಲ? ಹಳೆ ಪತ್ರ, ಫೋಟೊಗಳನ್ನು ಲ್ಯಾಮಿನೇಶನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ. ಇಲ್ಲದಿದ್ದರೆ ತೇವ ಹಿಡಿಯುತ್ತದೆ, ಒರಲೆ ಹತ್ತುತ್ತದೆ. ಸ್ಕ್ಯಾನ್ ಮಾಡಿ ಮೂರು ಕಡೆ ಇಡಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ ಇರಲಿ. ಪೆನ್‌ಡ್ರೈವ್ ಒಂದನ್ನೇ ನಂಬಿದವರು ಅತ್ತದ್ದನ್ನು ನೋಡಿದ್ದೇನೆ.

ಸ್ಮರಣೆಯ ದಿನ ಯಾವುದನ್ನು ಆಚರಿಸಬೇಕು?

ಜನವರಿ 27 ನಾಜಿಗಳ ಆಶ್‌ವಿಟ್ಜ್ ಸಾವಿನ ಶಿಬಿರ ಬಿಡುಗಡೆಯಾದ ದಿನ, ಹಿಂದಿನ ದಿನವಷ್ಟೇ ಗಣರಾಜ್ಯೋತ್ಸವದ ಓಡಾಟ ಮುಗಿದಿರುತ್ತದೆ. ಏಪ್ರಿಲ್ 7 ರುವಾಂಡಾದ್ದು, ಏಪ್ರಿಲ್ 24 ಒಟ್ಟೋಮನ್ ತುರ್ಕರ ಆಡಳಿತದಲ್ಲಿ ಸತ್ತ ಆರ್ಮೇನಿಯನ್ನರದ್ದು, ಎರಡೂ ಪರೀಕ್ಷೆ, ರಜೆಯಲ್ಲಿ ಹೋಗುತ್ತವೆ. ಜುಲೈ 11 ಸ್ರೆಬ್ರೆನಿಕಾದ್ದು. ಆ ಹೊತ್ತಿಗೆ ಡಿಸಿ ಸಾಹೇಬರು ಮಳೆ ರಜೆ ಕೊಟ್ಟಿರುತ್ತಾರೆ. ನಮಗೆ ಅನುಕೂಲ ಡಿಸೆಂಬರ್ 9, ಒಪ್ಪಂದದ ದಿನ. ಭಾಷಣ, ಮೇಣದಬತ್ತಿ ಬೇಡ, ಒಂದು ಪಿರಿಯಡ್ ಸಾಕು. ಒಬ್ಬರ ಬದುಕನ್ನು ಪೂರ್ತಿ ಓದಿ.

ಬಳಗಕ್ಕೆ ಸೇರುವುದು ಹೇಗೆ? ಸರ್ಟಿಫಿಕೇಟ್ ಸಿಗುತ್ತದಾ?

ಫೀ ಇಲ್ಲ, ಸರ್ಟಿಫಿಕೇಟೂ ಇಲ್ಲ. ನಾವು ಸೇರುವುದು ಒಂದು ತಿಂಗಳು ಘಟ್ಟದ ಮೇಲೆ, ಒಂದು ತಿಂಗಳು ಕರಾವಳಿಯಲ್ಲಿ. ಬರುವ ಮೊದಲು ಹಿಂದಿನ ತಿಂಗಳು ಓದಿದ್ದನ್ನು ಓದಿಕೊಂಡು ಬನ್ನಿ. ಓದದೆ ಬಂದವರಿಗೂ ಚಾ ಇದೆ, ಆದರೆ ಮಾತಾಡುವ ಸರದಿ ಕೊನೆಗೆ. ದೇವಿಮನೆ ಘಟ್ಟದಲ್ಲಿ ರಸ್ತೆ ಬಂದ್ ಆದ ತಿಂಗಳು ಕಾರವಾರ, ಕುಮಟಾದವರು ಫೋನಿನಲ್ಲೇ ಸೇರುತ್ತಾರೆ.